ಸದ್ದಿನ ಬಗ್ಗೆ ಪುಟವಿಲ್ಲ

ಅಕ್ಟೋಬರಿನ ಮೊದಲ ಸೋಮವಾರ
ಟ್ಯಾಮರ‍್ಯಾಕ್ ಕೌಂಟಿಯ ವನ್ಯಜೀವಿ ಕಚೇರಿ.
ಗಾಜಿನ ಕಿಂಡಿಗೆ ಒಬ್ಬ ಬಂದ. ಮಾತಾಡಲಿಲ್ಲ.
ಲೈಸೆನ್ಸು, ಅದರಡಿ ಒಂದು ಚೀಟಿ, ಒಳಗೆ ತಳ್ಳಿದ:

"ನಾನು ಹುಟ್ಟುಕಿವುಡ. ಹೆಸರು ಆರ್ವಿಡ್ ನಿಸ್ಕಾನೆನ್.
ನನ್ನ ಅಡ್ಡಬಿಲ್ಲು ಬಹಳ ಸದ್ದು ಮಾಡುತ್ತದಂತೆ,
ಮಗಳು ಟಿಲ್ಡಾ ಹೇಳಿದಳು.
ಹೆದೆಗೆ ರಬ್ಬರು ಕಟ್ಟಬಹುದೇ? ಕಾನೂನು ಏನನ್ನುತ್ತದೆ?"

ಕೈಪಿಡಿ ತೆರೆದೆ. ಹದಿನೇಳು ವರ್ಷದಿಂದ
ಇದೇ ಕಿಂಡಿ, ಇದೇ ಕುಂಟು ಕುರ್ಚಿ; ಆದರೂ ತೆರೆದೆ.
ಬಾಯಿಪಾಠವಾಗಿದೆ ಎಂದವರೇ ಎಡವುವುದು.

ಕಾನೂನಿಗೆ ಕಣ್ಣು ಬಹಳ.
ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲು ಎನ್ನುತ್ತದೆ,
ಕಿತ್ತಳೆ ಅಂಗಿ ಎಷ್ಟು ಇಂಚು ಕಾಣಬೇಕು ಎನ್ನುತ್ತದೆ,
ಬಾಣದ ಮೊನೆಗೆ ಇಷ್ಟು ಅಗಲ, ಹೆದೆಗೆ ಇಷ್ಟು ಬಿಗಿ,
ಎಳೆದು ಸಿಕ್ಕಿಸಿದ ಬಿಲ್ಲು ಟ್ರಕ್ಕಿನಲ್ಲಿ ಕೂರಬಾರದು.
ಕಿವಿ ಇರುವುದು ಒಂದೇ ಪುಟಕ್ಕೆ, ಅದೂ ಬಂದೂಕಿನದು:
ನಳಿಗೆಯ ಸದ್ದಡಗಿಸುವ ಕೊಳವೆಗೆ
ಬೆರಳಚ್ಚು, ಭಾವಚಿತ್ರ, ರಾಜಧಾನಿಯ ಮುದ್ರೆ,
ಬೀಜ ಬಿತ್ತಿ ಬೆಳೆ ಕೊಯ್ಯುವಷ್ಟು ಕಾಯುವಿಕೆ.
ಹೆದೆಗೆ ಕಟ್ಟುವ ಈ ಎರಡು ಡಾಲರಿನ ರಬ್ಬರು ಮೀಸೆಗೆ?
ಹಿಂದೆ ತಿರುವಿದೆ, ಮುಂದೆ ತಿರುವಿದೆ.
ಸೂಚಿಯಲ್ಲೂ ಹುಡುಕಿದೆ. ಇಲ್ಲ.

"ಕಾನೂನು ಸುಮ್ಮನಿದೆ" ಎಂದು ಬರೆದುಕೊಟ್ಟೆ.
ಓದಿ ಗಹಗಹಿಸಿ ನಕ್ಕ,
ಸರತಿಯಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು.
ಕೆಳಗೆ ಬರೆದ: "ಸುಮ್ಮನಿರುವುದು ಒಪ್ಪಿಯೋ,
ಅಥವಾ ನನ್ನ ಹಾಗೆ ಕೇಳಿಸದೆಯೋ?"

ಮೌನವೇ ಸಮ್ಮತಿ ಎನ್ನುವುದು ಮದುವೆಮನೆಗೆ ಸರಿ.
ಸರ್ಕಾರದ ಸೀಲು ಒತ್ತುವವಳು ಹಾಗೆನ್ನಲಾರಳು.
ವಾರ್ಡನ್ ರಾಡ್ಲಾಫನಿಗೆ ಫೋನು ಹಚ್ಚಿದೆ.
ಎಲ್ಲೋ ಕೊರಕಲಿಗೆ ಜಾರಿದ ದೋಣಿಗಾಡಿ ಎಳೆಸುತ್ತಿದ್ದ:
"ಬೇಡ ಎಂದಿಲ್ಲ ತಾನೆ? ಕಟ್ಟಿಕೊಳ್ಳಲಿ ಬಿಡು.
ಆದರೂ ಜಿಂಕೆಗೊಂದು ಪಾಲು..." ಲೈನು ಕಡಿಯಿತು.

ಆ ಪಾಲು ನನಗೆ ಗೊತ್ತು.
ಹೆದೆಯ ಠೇಂಕಾರ ಬಾಣಕ್ಕಿಂತ ಮೊದಲು ಮುಟ್ಟುತ್ತದೆ,
ಜಿಂಕೆ ನೆಗೆಯಲೆಂದು ಮೊಣಕಾಲು ಮಡಿಸಿ ತಗ್ಗುತ್ತದೆ,
ಬಾಣ ಬೆನ್ನ ಮೇಲಿನ ಗಾಳಿಯನ್ನು ಕೊಂದು ಹೋಗುತ್ತದೆ.
ಒಮ್ಮೊಮ್ಮೆ.
ಒಮ್ಮೊಮ್ಮೆ ಅರ್ಧವೇ ತಗ್ಗಿ,
ಹೃದಯಕ್ಕೆಂದು ಹೊರಟದ್ದು ಬೆನ್ನಿನ ಮಾಂಸಕ್ಕೆ ನಾಟಿ
ಎರಡು ಹಗಲು ಜೌಗಿನಲ್ಲಿ ನರಳುತ್ತದೆ.
ಸದ್ದು ಉಳಿಸುವುದು ದಯೆಯೋ, ಅಳಿಸುವುದೋ?
ವೆಂಡೆಲ್ ಬದುಕಿದ್ದಾಗ ನಮ್ಮ ಊಟದ ಮೇಜಿನಲ್ಲಿ
ಇದೇ ಜಗಳ. ಸಾರು ಆರಿಹೋಗುತ್ತಿತ್ತು.

ಮಧ್ಯಾಹ್ನದ ಬಿಡುವಿನಲ್ಲಿ, ಕಚೇರಿಯ ಹಿಂದೆ,
ಹುಲ್ಲಿನ ಪಿಂಡಿಗೆ ಆರ್ವಿಡ್ ಒಂದು ಬಾಣ ಬಿಟ್ಟ.
ರಬ್ಬರಿಲ್ಲದೆ. ಕಿವಿ ನನ್ನದು.
ಹೇಗೆ ಬರೆಯುವುದು? ಬರೆದೆ:
"ಜನವರಿಯ ರಾತ್ರಿ ಕೆರೆಯ ಮಂಜುಗಡ್ಡೆ ಬಿರಿದಂತೆ."
ತಲೆದೂಗಿದ. ಅದು ಅವನಿಗೆ ಗೊತ್ತು, ಅಂಗಾಲಿನಿಂದ.
ರಬ್ಬರು ಕಟ್ಟಿ ಇನ್ನೊಂದು.
"ಒದ್ದೆ ಟವೆಲು ಒಮ್ಮೆ ಕೊಡವಿದಂತೆ."
ಇದಕ್ಕೆ ಹುಬ್ಬು ಗಂಟಿಕ್ಕಿದ.
ನನ್ನ ಕೈ ಹಿಡಿದು ಬಿಲ್ಲಿನ ದಿಂಡಿಗೆ ಒತ್ತಿ
ಮೂರನೆಯದು ಬಿಟ್ಟ.

ಮೊಣಕೈ ದಾಟಿ ಭುಜದವರೆಗೆ ಏನೋ ಓಡಿತು,
ಹಲ್ಲಿನ ಬೇರಿನಲ್ಲಿ ನಿಂತಿತು.
ಓ, ಇದಾ ಎಂದೆ, ಜೋರಾಗಿಯೇ.
ಅವನು ನನ್ನ ತುಟಿ ನೋಡುತ್ತಿದ್ದ.

ಹೊರಡುವಾಗ ಎರಡರಲ್ಲಿ ಒಂದು ರಬ್ಬರು ಬಿಚ್ಚಿ
ನನ್ನ ಪೆನ್ನಿನ ಡಬ್ಬಿಗೆ ಹಾಕಿ ಹೋದ.
ಜಿಂಕೆಯ ಪಾಲೋ, ಸಡಿಲವಾಗಿತ್ತೋ,
ಬರೆದು ಕೇಳಲು ಚೀಟಿ ಮುಗಿದಿತ್ತು.

ದಿನಚರಿಯಲ್ಲಿ "ಪ್ರಶ್ನೆ" ಎಂಬಲ್ಲಿ ತುಂಬಿಸಿದೆ.
"ಉತ್ತರ" ಎಂಬಲ್ಲಿ ಪೆನ್ನು ಊರಿ ಕೂತೆ,
ಶಾಯಿ ಒಂದು ಚುಕ್ಕೆಯಷ್ಟು ಹರಡಿತು.
ಮುಂದಿನವನಿಗೆ ಬೇಕಾಗಿದ್ದು ಟ್ರೌಟ್ ಮೀನಿನ ಅಳತೆ.
ಅದಕ್ಕೆ ಪುಟವಿದೆ.